ಎರಡನೆಯ ಸಲ ಕಂಡ ತಾಳಿ

"ತಾಳಿ ಕಟ್ಟೋದೊಂದು ಬುಟ್ಬುಡು ಕಣಪ್ಪ. ಮಿಕ್ಕಿದ್ದೆಲ್ಲಾ ತಗಾ, ಬ್ಯಾಡ ಅನ್ನಾಕಿಲ್ಲ" ಎಂದಳು ತಿಮ್ಮಕ್ಕ.

ನಂಜುಂಡಪ್ಪ ನಕ್ಕ. ಹೆಗಲಿನ ವಿಡಿಯೋ ಕ್ಯಾಮೆರಾವನ್ನು ಇಳಿಸಿ, ಅದರ ಗಾಜಿನ ಕಣ್ಣನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ, "ಅಜ್ಜಿ, ತಾಳಿ ಇಲ್ಲದ ಮದುವೆ ವಿಡಿಯೋ ಅಂದ್ರೆ ಕೊಬ್ಬರಿ ಇಲ್ಲದ ತಿಪಟೂರು ಸಂತೆ ಇದ್ದಂಗೆ. ಯಾರು ನೋಡ್ತಾರೆ?" ಎಂದ.

ಎಂಬತ್ತಾರನೆಯ ಇಸವಿಯ ವೈಶಾಖಮಾಸ. ಹಂದನಕೆರೆಯ ಆಸುಪಾಸಿನ ಮದುವೆಗಳಿಗೆ ಫೋಟೋ ತೆಗೆಯುವವರು ಬರುತ್ತಿದ್ದರೇ ಹೊರತು ವಿಡಿಯೋದವನನ್ನು ಗೊತ್ತುಮಾಡಿದ ಮನೆ ಅದುವರೆಗೆ ಇರಲಿಲ್ಲ. ತಿಮ್ಮಕ್ಕನ ಮೊಮ್ಮಗ, ಮದುವಣಿಗ ರಂಗಪ್ಪ, ತಾನೇ ತುಮಕೂರಿಗೆ ಹೋಗಿ ನಂಜುಂಡಪ್ಪನನ್ನು ಒಪ್ಪಿಸಿ ಬಂದಿದ್ದ.

"ಅದರೊಳಗೆ ಕಂಡಿದ್ದು ಮತ್ತೆ ಕಾಣ್ತದಾ?" ಮುದುಕಿ ಕೇಳಿದಳು.

"ಬೇಕಾದಷ್ಟು ಸಲ."

ತಿಮ್ಮಕ್ಕನ ಮುಖ ಬೂದಿಯಂತಾಯಿತು. ಮೇಲಿನ ಅಟ್ಟದತ್ತ ಕಣ್ಣೆತ್ತಿ, ಕೂಡಲೇ ಇಳಿಸಿ, ಆಕೆ ಮೆಲುದನಿಯಲ್ಲಿ ಹೇಳಿದ ವೃತ್ತಾಂತವಿಷ್ಟು. ಗಂಡ ಕೆಂಚಪ್ಪನಿಗೆ ಆಕೆ ಎರಡನೆಯವಳು. ಮೊದಲನೆಯವಳಾದ ಮರಿಯಮ್ಮನಿಗೆ ಮಕ್ಕಳಾಗಲಿಲ್ಲ. ಆ ಒಂದೇ ಕಾರಣಕ್ಕೆ, ಎರಡನೆಯ ಮದುವೆಯ ಮುಹೂರ್ತದ ಹೊತ್ತಿನಲ್ಲಿ ಅವಳನ್ನು ತೆಂಗಿನಕಾಯಿ ತುಂಬಿದ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದಿದ್ದರು. ತನಗೆ ತಾಳಿ ಕಟ್ಟಿದ ಕೈ ಮತ್ತೊಬ್ಬಳಿಗೆ ಕಟ್ಟುವುದನ್ನು ಅವಳು ಹಲಗೆಯ ಸಂದಿನಿಂದ ಕಂಡಳು. ಬಳಿಕ ಮಾಟಗಾರನೊಬ್ಬನನ್ನು ಹಿಡಿದು, ತನ್ನ ತಾಳಿಯನ್ನೇ ಬಿಚ್ಚಿ, ಕಾಯೊಂದರ ತೊಟ್ಟು ಕಿತ್ತು ಒಳಗೆ ತೂರಿಸಿ, ಮಂತ್ರಿಸಿದ ಆ ಕಾಯನ್ನು ಅಟ್ಟದ ರಾಶಿಯೊಳಗೆ ಬೆರೆಸಿ ಬಾವಿಗೆ ಹಾರಿದಳು. ಈ ಮನೆಯಲ್ಲಿ ಒಬ್ಬನೇ ಗಂಡಿನ ಕೈ ತಾಳಿ ಕಟ್ಟುವುದು ಎರಡನೆಯ ಸಲ ಕಂಡರೆ, ಕಟ್ಟಿದವನ ಉಸಿರು ಆ ದಾರಕ್ಕೇ ಸಿಕ್ಕಲಿ ಎಂಬುದು ಅವಳ ಶಾಪ. ಮಾಂಗಲ್ಯಸೂತ್ರವನ್ನು ಬಾಳಿಗೆ ಹೇತುವೆಂದು ಹೊಗಳುವ ಮಂತ್ರವನ್ನೇ ಅವಳು ಸಾವಿಗೆ ಹೇತುವಾಗಿ ತಿರುಗಿಸಿದ್ದಳು. ಆ ಕಾಯಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಆ ರಾಶಿಯನ್ನು ಮುಟ್ಟುವ ಧೈರ್ಯವೂ ಯಾರಿಗೂ ಆಗಲಿಲ್ಲ. ಹೆಂಡತಿ ಸತ್ತ ಮೇಲೆ ಮರುಮದುವೆಗೆ ಕುಳಿತ ಕೆಂಚಪ್ಪನ ತಮ್ಮ, ಮೂರನೆಯ ಗಂಟು ಬೀಳುತ್ತಲೇ ಹಸೆಮಣೆಯ ಮೇಲೆ ಸತ್ತಿದ್ದ.

"ಅವರು ಎರಡನೇ ಮದುವೆ ಆದ್ರು. ಇಲ್ಲಿ ಇರೋದು ಒಂದೇ ಮದುವೆ, ಮಿಕ್ಕಿದ್ದು ಬರೀ ಚಿತ್ರ" ಎಂದ ನಂಜುಂಡಪ್ಪ.

"ಕಂಡ್ರೆ ಅಂದ್ಲು ಕಣಪ್ಪ ಅವ್ಳು. ಕಟ್ಟಿದ್ರೆ ಅನ್ನಲಿಲ್ಲ."

ರಂಗಪ್ಪ ಅಜ್ಜಿಯ ಬೆನ್ನ ಹಿಂದಿನಿಂದ ಕಣ್ಣು ಮಿಟುಕಿಸಿದ. ನಂಜುಂಡಪ್ಪ ಗಂಭೀರವಾಗಿ ತಲೆಯಾಡಿಸಿ, ಆ ಹೊತ್ತಿಗೆ ಯಂತ್ರವನ್ನು ನಿಲ್ಲಿಸುವೆನೆಂದು ಮಾತು ಕೊಟ್ಟ.

ಮುಹೂರ್ತ ಸಮೀಪಿಸಿತು. ಮದುವಣಗಿತ್ತಿ ಕಲ್ಲಮ್ಮ ದಬ್ಬೇಘಟ್ಟದವಳು. ಮಾತಿಗೆ ಮಾತು ಹಿಂತಿರುಗಿಸುವ ಹೆಣ್ಣು; ಅಟ್ಟದ ಶಾಪದ ಕಥೆಯನ್ನು ರಂಗಪ್ಪನ ಬಾಯಿಂದ ಕೇಳಿ ನಕ್ಕಿದ್ದವಳು. "ಸ್ವಲ್ಪ ತಲೆ ಬಗ್ಗಿಸಮ್ಮ, ನಾಚಿಕೆ ಕಾಣಲಿ" ಎಂದ ನಂಜುಂಡಪ್ಪನಿಗೆ, "ಯಾಕ್ರೀ ಬಗ್ಗಿಸಲಿ? ನಾನೇನು ನೆಲಾನ ಮದ್ವೆ ಆಗ್ತಿದೀನಾ?" ಎಂದು ಬಾಸಿಂಗದ ಕೆಳಗಿನಿಂದ ನೇರವಾಗಿ ನೋಡಿದಳು. ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು.

ಗಟ್ಟಿಮೇಳಕ್ಕೆ ಮುನ್ನ ನಂಜುಂಡಪ್ಪ ಮುದುಕಿ ನೋಡುವಂತೆ ದೊಡ್ಡ ದೀಪವನ್ನು ಆರಿಸಿದ. ಆದರೆ ಕ್ಯಾಮೆರಾ ಓಡುತ್ತಿದೆಯೆಂದು ಸಾರುವ ಕೆಂಪು ಚುಕ್ಕಿಯ ಮೇಲೆ ಕಪ್ಪು ಅಂಟುಪಟ್ಟಿಯ ಚೂರನ್ನು ಮೊದಲೇ ಮೆತ್ತಿದ್ದ. ಯಂತ್ರ ಓಡಿತು. ಕಣ್ಣಿಟ್ಟ ಕಿಂಡಿಯ ಬೂದುಬಣ್ಣದ ಪುಟ್ಟ ಚಿತ್ರದಲ್ಲಿ ರಂಗಪ್ಪನ ಬೆರಳುಗಳು ಅರಿಶಿನದ ದಾರವನ್ನು ಗಂಟಿಕ್ಕಿದವು. ಅವರ ತಲೆಯ ಮೇಲೆ, ಅಟ್ಟದ ಹಲಗೆಗಳ ಸಂದಿನಲ್ಲಿ, ಏನೋ ತೇವವಾಗಿ ಮಿನುಗಿತು. ಬೆಕ್ಕಿರಬೇಕೆಂದುಕೊಂಡ.

ಮರುದಿನ ಮಧ್ಯಾಹ್ನ, ಬೀಗರೂಟದ ಬಳಿಕ, ನಡುಮನೆಯಲ್ಲಿ ಟಿ.ವಿ.ಯನ್ನೂ ವಿ.ಸಿ.ಆರ್. ಪೆಟ್ಟಿಗೆಯನ್ನೂ ಹೂಡಲಾಯಿತು. ಕಿಟಕಿಗಳನ್ನು ಮುಚ್ಚಿ, ಬೆಳಕಿಂಡಿಗೆ ಕಂಬಳಿ ಹೊದಿಸಿದರು. ಹಾಡಹಗಲೇ ಮನೆಯೊಳಗೆ ಕಾರ್ಗತ್ತಲೆ ಮಡುಗಟ್ಟಿತು. ಬಾಡಿದ ಮಲ್ಲಿಗೆ, ಬೆವರು, ಎಲೆಯಡಿಕೆಯ ವಾಸನೆ. ಎಲ್ಲಕ್ಕೂ ಮೇಲಿನಿಂದ ಅಟ್ಟದ ಹಳೆಯ ಕೊಬ್ಬರಿಯ ಜಿಡ್ಡುಗಂಪು. ತಿಮ್ಮಕ್ಕ ಹೊರಗೆ ಜಗಲಿಯಲ್ಲಿ ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಸವರುತ್ತಿದ್ದಳು.

ಪರದೆಯಲ್ಲಿ ನೆಂಟರು ಬಂದರು, ಆರತಿ ಎತ್ತಿದರು. ತಮ್ಮನ್ನು ತಾವೇ ಕಂಡವರು ಕೇಕೆ ಹಾಕಿದರು. "ಈಗ ನೋಡ್ರಿ, ನಮ್ಮಜ್ಜಿಗೆ ಹೇಳ್ಬ್ಯಾಡ್ರಿ ಮತ್ತೆ" ಎಂದು ರಂಗಪ್ಪ ಮುಂದಕ್ಕೆ ಸರಿದ.

ಗಟ್ಟಿಮೇಳ ಮೊಳಗಿತು.

ಆಗ ಅಟ್ಟದ ಮೇಲೆ ಸದ್ದಾಯಿತು. ಒಣಗಿದ ಕಾಯಿಯೊಳಗೆ ಕೊಬ್ಬರಿ ಕಳಚಿಕೊಂಡು ಅಲುಗುವ ಸದ್ದು. ಒಂದೇ ಕಾಯಿ. ಬಲಿತಿದೆಯೋ ಎಂದು ಯಾರೋ ಕಿವಿಯ ಬಳಿ ಹಿಡಿದು ಅಲುಗಿಸಿ ನೋಡಿದಂತೆ.

"ಇಲಿ ಕಣ್ರೀ. ನೀವು ಚಿತ್ರ ನೋಡ್ರಿ" ಎಂದ ನಂಜುಂಡಪ್ಪ. ಅವನ ದನಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಪರದೆಯಲ್ಲಿ ಮೊದಲ ಗಂಟು ಬಿತ್ತು. ರಂಗಪ್ಪ ಕೆಮ್ಮಿದ. ಕೈಯನ್ನು ಕೊರಳಿಗೆ ಒಯ್ದ. ಅಟ್ಟದಲ್ಲಿ ಇನ್ನೊಂದು ಕಾಯಿ ಅಲುಗಿತು. ಮತ್ತೊಂದು. ಇಡೀ ರಾಶಿಯೇ ಅಲುಗತೊಡಗಿತು. ಹಲಗೆಗಳು ನಡುಗಿದವು.

ಕಲ್ಲಮ್ಮ ನಿನ್ನೆ ಬಗ್ಗಿಸದ ತಲೆ ಪರದೆಯಲ್ಲಿ ಬಗ್ಗಿತ್ತು. ಅದು ಮೆಲ್ಲನೆ ಎದ್ದಿತು. ಬಾಸಿಂಗದಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಮುಖ ಕಲ್ಲಮ್ಮನದಾಗಿರಲಿಲ್ಲ. ಬಾವಿಯ ಪಾಚಿ ಹತ್ತಿದ ಕೆನ್ನೆ. ರೆಪ್ಪೆಯಿಲ್ಲದ ಕಣ್ಣು. ಅದು ಗಂಡನನ್ನು ನೋಡಲಿಲ್ಲ. ಪರದೆಯಾಚೆಗಿನ ನಂಜುಂಡಪ್ಪನನ್ನು ನೋಡಿತು.

ಅವನು ಗುಂಡಿ ಒತ್ತಿದ. ನಿಲ್ಲಲಿಲ್ಲ. ತಂತಿ ಕಿತ್ತ. ಚಿತ್ರ ಆರಲಿಲ್ಲ. ಎರಡನೆಯ ಗಂಟು. ರಂಗಪ್ಪ ನೆಲಕ್ಕುರುಳಿದ. ಅವನ ಕೊರಳಿನಲ್ಲಿ ದಾರವಿಲ್ಲ. ದಾರ ಬಿಗಿದ ಗೆರೆ ಮಾತ್ರ ನೀಲಿಗಟ್ಟುತ್ತ ಆಳಕ್ಕಿಳಿಯುತ್ತಿದೆ.

ಮೇಳದ ಸದ್ದು ಕೇಳಿ ತಿಮ್ಮಕ್ಕ ಬಾಗಿಲು ದೂಡಿ ಬಂದಳು. "ಪಾಪಿ! ತೋರಿಸ್ಬುಟ್ಟಾ! ನನ್ನ ಮಗೀನ ಕೊಂದ್ಬುಟ್ಟಾ!"

"ಅಜ್ಜಿ!" ಕಲ್ಲಮ್ಮ ಅವಳ ತೋಳನ್ನು ಹಿಡಿದು ಅಲುಗಿಸಿದಳು. "ಅವ್ಳಿಗೆ ಏನು ಬೇಕು? ಬೇಗ ಹೇಳಜ್ಜಿ!"

"ತಾಳಿ ಕಣವ್ವಾ! ನನ್ನ ಕೊರಳಾಗೆ ಕಂಡ್ಲಲ್ಲ, ಅಂಗೆ ಈ ಮನೆ ಗಂಡು ಕಟ್ಟಿದ ತಾಳಿ!"

ಕಲ್ಲಮ್ಮ ಏಣಿ ಹತ್ತಿದಳು. ಅಟ್ಟದ ಬಾಯಿಯಿಂದ ಕೊಳೆತ ನೀರಿನ ನಾತ ಬಡಿಯಿತು. ಅವಳು ಕೊರಳಿಗೆ ಕೈ ಹಾಕಿ ಎಳೆದಳು. ದಾರ ಹರಿಯಿತು. ಕೆಳಗೆ ಹೆಂಗಸರು ಚೀರಿದರು. ಮುಷ್ಟಿಯನ್ನು ಕತ್ತಲೆಯೊಳಕ್ಕೆ ಚಾಚಿ ಅವಳು ಕೂಗಿದಳು:

"ತಗಾ! ತಾಳಿ ನಿಂದೇ, ಇಟ್ಕಾ. ಗಂಡ ನನ್ನೋನು, ಅವನ ಕೊರಳು ಬುಡು! ಬುಡದೇ ಹೋದ್ರೆ ಈ ಅಟ್ಟದ ಒಂದೊಂದು ಕಾಯೀನೂ ಸುಲಿದು ನಿನ್ನ ಹುಡುಕಿ ತೆಗೀತೀನಿ. ನಾನು ಹೆದರಾಕಿಲ್ಲ ಕಣೇ!"

ಪರದೆಯಲ್ಲಿ ಮೂರನೆಯ ಗಂಟಿಗೆ ದಾರ ಸುತ್ತಿಕೊಂಡಿತ್ತು. ಬೆರಳುಗಳು ನಿಂತವು. ಕತ್ತಲೆಯಲ್ಲಿ ತಣ್ಣನೆಯ, ಒದ್ದೆಯ ಕೈಯೊಂದು ಕಲ್ಲಮ್ಮನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿತು. ತಾಳಿ ಹೋಯಿತು. ಅಲುಗಾಟ ನಿಂತಿತು. ಪರದೆ ಸಿಡಿಲಿನಂತೆ ಒಮ್ಮೆ ಬೆಳಗಿ ಆರಿತು.

ರಂಗಪ್ಪ ಉಸಿರೆಳೆದ.

ಕಂಬಳಿ ಸರಿಸಿ ಬೆಳಕು ಬಿಟ್ಟಾಗ ನಂಜುಂಡಪ್ಪ ಬಲಗಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು ಗೋಡೆಗೊರಗಿದ್ದ. ಕ್ಯಾಮೆರಾದ ಕಿಂಡಿಗೆ ಇಡುತ್ತಿದ್ದ ಕಣ್ಣದು. ಅಂದಿನಿಂದ ಅದಕ್ಕೆ ಬೆಳಕು ಕಾಣಲಿಲ್ಲ. ಮುದುಕಿಗೆ ಕೊಟ್ಟ ಮಾತು ಮುರಿದುದಕ್ಕೆ ದೈವ ವಿಧಿಸಿದ ದಂಡವೆಂದು ಅವನೇ ಮುಂದೆ ಹೇಳುತ್ತಿದ್ದ.

ಕಲ್ಲಮ್ಮನ ತಂದೆ ಹುಚ್ಚರಂಗಯ್ಯ ತಲೆಯ ಮೇಲೆ ಕೈಹೊತ್ತು, "ಪುರೋಹಿತರನ್ನ ಕರೆಸಿ. ಇನ್ನೊಂದು ತಾಳಿ ಕಟ್ಟಿಸಾನ" ಎಂದ.

"ಯಾರಪ್ಪ ಕಟ್ಟೋರು?" ಎಂದಳು ಮಗಳು. "ಇವ್ರ ಕೈಯೇ ಅಲ್ವಾ? ಅದು ಎರಡನೇ ಸಲ ಆಗಾಕಿಲ್ವಾ?"

ಆ ಕೊರಳು ಬದುಕಿರುವ ತನಕ ಬರಿದಾಗಿಯೇ ಇರಬೇಕೆಂಬುದು ಅಲ್ಲಿದ್ದವರಿಗೆಲ್ಲ ಏಕಕಾಲಕ್ಕೆ ಹೊಳೆಯಿತು.

ಸಂಜೆ ನೆಂಟರು ಹೊರಟರು. ರಂಗಪ್ಪನ ತಾಯಿ ರಂಗಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ನಿಂತ ಮುತ್ತೈದೆಯರ ಹಣೆಗೆ ಇಡುತ್ತ ಬಂದಳು. ಸೊಸೆಯ ಮುಂದೆ ಕಣ್ಣು ತಗ್ಗಿಸಿ, ನಿಲ್ಲದೆ, ಮುಂದಿನವಳತ್ತ ಸಾಗಿದಳು. ಕಲ್ಲಮ್ಮ ಕೈಚಾಚಿ ತಟ್ಟೆಯ ಅಂಚನ್ನು ಹಿಡಿದಳು.

"ಅತ್ತೆಮ್ಮ, ನನ್ನ ಮರೆತ್ರಾ?"

ರಂಗಮ್ಮ ತಟ್ಟೆಯನ್ನು ತನ್ನತ್ತ ಎಳೆದಳು. "ಬರಿ ಕೊರಳಿಗೆ ಹೆಂಗವ್ವಾ ಕುಂಕುಮ ಇಕ್ಕಲಿ?"

"ಕೊರಳಿಗಲ್ಲ ಅತ್ತೆಮ್ಮ, ಹಣೆಗೆ."

ಕಲ್ಲಮ್ಮ ತಟ್ಟೆಯನ್ನು ಬಿಡಲಿಲ್ಲ. ಮುಖವನ್ನು ಮೇಲೆತ್ತಿ ನಿಂತೇ ಇದ್ದಳು. ಒಳಗಿನ ಕೋಣೆಯಿಂದ ರಂಗಪ್ಪ ಕೆಮ್ಮಿದ ಸದ್ದು, ನೀರು ಕೇಳಿದ ದನಿ ಬಂದಿತು.

ರಂಗಮ್ಮ ಬೆರಳನ್ನು ಕುಂಕುಮದಲ್ಲಿ ಅದ್ದಿದಳು.