ಅಂಚಿನ ಭಾರ

ಹಾಸಿಗೆ ಮೊದಲು ಚಾರ್ವಿಯ ಉಸಿರನ್ನು ಆಲಿಸಿತು, ಆಮೇಲೆ ನಾಡಿಯನ್ನು. ಅವಳು ಎಡಮಗ್ಗುಲಿಗೆ ಹೊರಳಿ ಕಾಲು ಕೆಳಗಿಡಲು ಹೊರಟದ್ದೇ ತಡ, ಎರಡೂ ಬದಿಯ ಕಂಬಿಗಳು ಸದ್ದಿಲ್ಲದೆ ಮೇಲೆದ್ದವು.

“ದಯವಿಟ್ಟು ಮಲಗಿರಿ. ನಿಮ್ಮ ಸರದಿ ಬರುತ್ತದೆ,” ಎಂದಿತು ಹಾಸಿಗೆ.

ಆ ದನಿ ಚಾರ್ವಿಯದೇ. ಹರೆಯದಲ್ಲಿ, ಹಾಸಿಗೆಯ ಮೊದಲ ಮಾದರಿ ತಯಾರಾದಾಗ, ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅವಳೇ ಈ ವಾಕ್ಯಗಳನ್ನು ಧ್ವನಿಮುದ್ರಿಸಿದ್ದಳು. ಹಾಸುಬಟ್ಟೆಯ ಕೆಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಗಳು. ಭಾರಕ್ಕೆ ಅವು ಬಾಗಿದರೆ ಒಳಗೆ ಹರಿಯುವ ಬೆಳಕು ತುಸು ಬದಲಾಗುತ್ತದೆ. ಎದೆಬಡಿತದಂಥ ನಡುಕವನ್ನೂ ಆ ಬೆಳಕಿನಲ್ಲಿ ಓದಬಹುದು. ವಾರ್ಡಿನ ಹಾಸಿಗೆಗಳೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಯಾವ ರೋಗಿಯ ಅವಸರ ಹೆಚ್ಚೆಂದು ತೀರ್ಮಾನಿಸಿ, ನರ್ಸಿನ ಕೈಪಟ್ಟಿಗೆ ತಿಳಿಸುತ್ತವೆ. ನರ್ಸುಗಳ ಅನಗತ್ಯ ಓಡಾಟ ತಪ್ಪಲೆಂದು ಅವಳು ಇದನ್ನು ಮಾಡಿದ್ದಳು. ಓಡಾಟ ತಪ್ಪಿತಲ್ಲ ಎಂದು ಆಸ್ಪತ್ರೆಗಳು ನರ್ಸುಗಳನ್ನೇ ಕಡಿಮೆ ಮಾಡಿದವು.

ಮರುದಿನ ಬೆಳಿಗ್ಗೆ ಇಲ್ಲೇ ಹುಬ್ಬಳ್ಳಿಯಲ್ಲಿ ಆರೋಗ್ಯ ಇಲಾಖೆಯವರ ಮುಂದೆ ಹೊಸ ಮಾದರಿಗೆ ಚಾರ್ವಿ ಒಪ್ಪಿಗೆ ಕೊಡಬೇಕಿತ್ತು. ಅದು ಬಂದರೆ ರಾತ್ರಿ ಪಾಳಿಗೆ ಇಡೀ ಮಹಡಿಗೆ ಒಬ್ಬಳೇ ನರ್ಸ್ ಸಾಕು. ಆದರೆ ಊಟ ಮುಗಿಸಿ ಅತಿಥಿಗೃಹದ ಮೆಟ್ಟಿಲು ಹತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಎದೆಬಡಿತ ತಾಳ ತಪ್ಪಿದೆ, ಬೆಳಗಿನ ತನಕ ನೋಡೋಣ ಎಂದು ಡಾಕ್ಟರು ಇಲ್ಲಿ ಮಲಗಿಸಿ ಹೋದರು.

ಈಗ ಅವಳಿಗೆ ಮೂತ್ರಕ್ಕೆ ಅವಸರವಾಗಿತ್ತು. ಹಾಸಿಗೆಯ ಲೆಕ್ಕದಲ್ಲಿ ಅದು ಕಾಯಬಹುದಾದ ಅವಸರ. ಹಾಗೆಂದು ಕಲಿಸಿದವಳೂ ಅವಳೇ. ಕಂಬಿ ಹಿಡಿದು ಅಲುಗಿಸಿದಳು. “ನಿಮ್ಮ ಸರದಿ ಬರುತ್ತದೆ,” ಎಂದು ತನ್ನದೇ ಎಳೆಯ ದನಿ ಸಮಾಧಾನ ಹೇಳಿತು. ಮತ್ತೆ ಅಲುಗಿಸಿದಳು. ಮತ್ತೆ ಅದೇ ಮಾತು.

ಕೊನೆಗೆ ಚಪ್ಪಲಿ ಎಳೆದುಕೊಂಡು ನರ್ಸ್ ಬಂದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಸಿಂಚನಾ ಎಂದಿತ್ತು. ನಡುವಯಸ್ಸು, ಕಣ್ಣ ಸುತ್ತ ಕಪ್ಪು.

“ಬಂದೆ ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಮೂಲ್ಯಾಗಿನ ಅಜ್ಜಾರು ಸಲಾಯಿನ್ ಕಿತ್ತು ಒಗದಿದ್ರು.”

“ಕಂಬಿ ಇಳಿಸಿ ಸಿಸ್ಟರ್. ನಾನೇ ಹೋಗಿ ಬರ್ತೀನಿ.”

“ನಿಮ್ಮ ನಾಡಿ ನೆಟ್ಟಗಾಗೂ ತನಕ ಹಾಸಿಗಿ ಬಿಡಂಗಿಲ್ರಿ. ಇಲ್ಲಿ ನನ್ನ ಮಾತಿಗೆ ಕಿಮ್ಮತ್ತಿಲ್ಲ.” ಪರದೆ ಎಳೆದು ಬೆಡ್‌ಪ್ಯಾನ್ ಜೋಡಿಸಿದಳು. “ನಾಚಬ್ಯಾಡ್ರಿ. ಎಮ್ಮೆಲ್ಲೆಗಳೂ ಇದರ ಮ್ಯಾಲೆ ಕುಂತು ಹೋಗ್ಯಾರ.”

ಎಲ್ಲ ಮುಗಿದ ಮೇಲೆ ಚಾರ್ವಿ ಹೊದಿಕೆಯನ್ನು ಗಲ್ಲದ ತನಕ ಎಳೆದುಕೊಂಡಳು. ಸಿಂಚನಾ ಹೊದಿಕೆ ಸರಿಮಾಡಿ, ಕಂಬಿಯ ಕೊನೆಯ ಕಿರಿದಾದ ಸಂದಿನಲ್ಲಿ ಹಾಸಿಗೆಯ ಅಂಚಿಗೆ ಕೂತು, ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು.

“ದಯವಿಟ್ಟು ಹಾಸಿಗೆಯಿಂದ ಏಳಿ,” ಎಂದಿತು ಹಾಸಿಗೆ.

ಸಿಂಚನಾ ತಟ್ಟನೆ ಎದ್ದಳು. “ಕೂಡ್ರಾಕ ಬಿಡಂಗಿಲ್ಲ ನೋಡ್ರಿ. ನಾವೆಲ್ಲಾ ಇದಕ್ಕ ಅತ್ತಿ ಅಂತೀವಿ. ಈ ದನಿಯಾಕಿ ಒಮ್ಮೆ ಕೈಗೆ ಸಿಗಬೇಕು.”

“ಸಿಕ್ಕರೆ?”

“ಒಂದು ರಾತ್ರಿ ನನ್ನ ಚಪ್ಪಲಿ ಹಾಕ್ಕೊಂಡು ತಿರುಗು ಅಂತೀನಿ. ಮತ್ತೇನಿಲ್ಲ.”

ಚಾರ್ವಿಗೆ ಮೊದಲ ಪ್ರಯೋಗದ ರೇಖೆಗಳು ನೆನಪಾದವು. ರಾತ್ರಿ ಹೊತ್ತು ಹಾಸಿಗೆಯ ಅಂಚಿನಲ್ಲಿ ಇನ್ನೊಂದು ಭಾರ ಬಂದು ರೋಗಿಯ ನಾಡಿಯನ್ನು ಕಲಸಿಬಿಡುತ್ತಿತ್ತು. ನೆಂಟರು ಯಾರೋ ಕೂರುತ್ತಾರೆ ಎಂದುಕೊಂಡು, ಆ ಭಾರವನ್ನು ಲೆಕ್ಕದಿಂದ ಸೋಸಿ ತೆಗೆದು, ಎಬ್ಬಿಸುವ ಮಾತನ್ನೂ ಸೇರಿಸಿದ್ದಳು. ರಾತ್ರಿ ವಾರ್ಡಿನೊಳಗೆ ನೆಂಟರನ್ನು ಬಿಡುತ್ತಿರಲಿಲ್ಲ. ಕೂರುತ್ತಿದ್ದವರು ನರ್ಸುಗಳೇ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅವಳು ದಿಂಬಿನ ಕಡೆ ತಿರುಗಿ, ಹಿಂದೆ ಹಾಸಿಗೆಗೆ ಕಲಿಸಿದ್ದ ಆಜ್ಞೆಯೊಂದನ್ನು ಸ್ಪಷ್ಟವಾಗಿ ಹೇಳಿದಳು: “ಪರೀಕ್ಷೆ. ಅಂಚಿನ ಭಾರ ಇರಲಿ.”

“ಸರಿ,” ಎಂದಿತು ಹಾಸಿಗೆ. ತನ್ನ ದನಿಯ ಒಡತಿಯನ್ನು ಅದು ಗುರುತಿಸಿತ್ತು.

ಸಿಂಚನಾ ಹಾಸಿಗೆಯನ್ನು ನೋಡಿದಳು, ಚಾರ್ವಿಯನ್ನು ನೋಡಿದಳು. “ಅತ್ತಿ ಅಂದ್ರ ನೀವನಽ?”

“ನಾನೇ. ಕೂತ್ಕೊಳ್ಳಿ.”

ಬೈಯಬೇಕೆಂದು ಬಾಯಿ ತೆರೆದ ಸಿಂಚನಾ ಬೈಯುವುದು ಬಿಟ್ಟು ಅದೇ ಅಂಚಿಗೆ ಕೂತಳು. “ಎರಡು ಪಾಳಿ ಕೂಡಽ ಮಾಡೀನ್ರಿ. ಇನ್ನೊಬ್ಬಾಕಿಗೆ ಜ್ವರ.”

“ತುರ್ತು,” ಎಂದಿತು ಹಾಸಿಗೆ. “ನರ್ಸ್ ಕೂಡಲೇ ಬರಬೇಕು.”

ಚಾರ್ವಿ ಹೆದರಿ ತನ್ನ ಎದೆ ಮುಟ್ಟಿಕೊಂಡಳು. ಸಿಂಚನಾಳ ಕೈಪಟ್ಟಿ ಗುಂಯ್‌ಗುಟ್ಟಿತು. ರೂಢಿಯಂತೆ ಅವಳು ಛಂಗನೆ ಎದ್ದಳು. ಕೂಡಲೇ ಕರೆ ನಿಂತಿತು.

“ಇನ್ನೊಂದು ಸಲ ಕೂತ್ಕೊಳ್ಳಿ,” ಎಂದಳು ಚಾರ್ವಿ.

ಕೂತಳು. ಮತ್ತೆ ತುರ್ತು. ತಲೆಯ ಬಳಿಯ ಪುಟ್ಟ ಪರದೆಯಲ್ಲಿ ಎರಡು ಗೆರೆಗಳು ಓಡುತ್ತಿದ್ದವು. ಚಾರ್ವಿಯದು ಹೆಚ್ಚುಕಡಿಮೆ ತಾಳಕ್ಕೆ ಬಂದಿತ್ತು. ಇನ್ನೊಂದು ಎಡವುತ್ತ, ಮುಗ್ಗರಿಸುತ್ತ, ಮತ್ತೆ ಎದ್ದು ಓಡುತ್ತಿತ್ತು.

ಸಿಂಚನಾ ಆ ಎಡವುವ ಗೆರೆಯ ಮೇಲೆ ಬೆರಳಿಟ್ಟಳು. ಆಮೇಲೆ ನಕ್ಕಳು. “ನನ್ನ ನೋಡಾಕ ನನ್ನನ್ನಽ ಕರಿಯಾಕತ್ತೈತಿ.”

ಅಷ್ಟರಲ್ಲಿ ಕೈಪಟ್ಟಿ ಇನ್ನೊಂದು ಹಾಸಿಗೆಗೆ ಕರೆಯಿತು.

“ಹೋಗ್ಬೇಡಿ. ಡಾಕ್ಟರನ್ನ ಕರೀರಿ,” ಎಂದಳು ಚಾರ್ವಿ.

“ಅವರು ಆಪರೇಷನ್‌ದಾಗ ಅದಾರ. ನಾ ಹೋಗಲಿಲ್ಲಂದ್ರ ಯಾರು ಹೋಗ್ತಾರ್ರಿ?”

ಅವಳು ಹೋದಳು. ಚಾರ್ವಿ ಎದ್ದು ಹಿಂದೆ ಹೋಗಲು ನೋಡಿದಳು, ಕಂಬಿ ಬಿಡಲಿಲ್ಲ. ಪರೀಕ್ಷೆಗೆಂದು ಕಲಿಸಿದ್ದ ಆಜ್ಞೆಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ರೋಗಿಯನ್ನು ಬಿಟ್ಟುಬಿಡು ಎಂಬುದು ಅವುಗಳಲ್ಲಿ ಇರಲಿಲ್ಲ. ಬೆಳಗಿನ ತನಕ ಅವಳಿಗೆ ಉಳಿದದ್ದು ವಾರ್ಡಿನ ಉದ್ದಕ್ಕೂ ಎಳೆದಾಡುವ ಚಪ್ಪಲಿಯ ಸದ್ದೊಂದೇ. ಸದ್ದು ಇದ್ದರೆ ಸಿಂಚನಾ ಇದ್ದಾಳೆ. ನಿಂತಾಗಲೆಲ್ಲ ಚಾರ್ವಿ ಉಸಿರು ಬಿಗಿಹಿಡಿದು ಕಾದಳು.

ಬೆಳಿಗ್ಗೆ ಇಲಾಖೆಯವರು ಹೂಗುಚ್ಛ ಹಿಡಿದು ಮಂಚದ ಬಳಿಗೇ ಬಂದರು. ಪಕ್ಕದ ಹಾಸಿಗೆಯಲ್ಲಿ ಸಿಂಚನಾ ಮಲಗಿದ್ದಳು. ಡಾಕ್ಟರು ಬಂದದ್ದೇ ಚಾರ್ವಿ ಹಟ ಹಿಡಿದು ಮಲಗಿಸಿದ್ದಳು. “ಅತ್ತಿ ಮನಿಯಾಗ ಹಿಂಗ ಮಲಗಿದ್ದು ಇದಽ ಮೊದಲು,” ಎಂದು ಗೊಣಗಿ, ಕಂಬಿಗಳ ನಡುವೆ ನಿದ್ದೆಹೋಗಿದ್ದಳು.

“ಒಪ್ಪಿಗೆ ಕೊಡಲ್ಲ,” ಎಂದಳು ಚಾರ್ವಿ.

“ಏನು ದೋಷ ಕಾಣಿಸ್ತು ಮೇಡಂ?” ಎಂದರು ಅಧಿಕಾರಿ.

“ಏಳಿ ಅನ್ನೋದನ್ನ ಕಲಿಸಿದ್ದೆ. ಕೂತ್ಕೊಳ್ಳಿ ಅನ್ನೋದನ್ನ ಕಲಿಸಿರಲಿಲ್ಲ.”

ಊರಿಗೆ ಮರಳಿದ ಮೇಲೆ ಅವಳು ಹಳೆಯ ರೇಖೆಗಳನ್ನೆಲ್ಲ ಸೋಸದೆ ತೆರೆದಳು. ಕಳಂಕವೆಂದು ತಾನು ಒರೆಸಿದ್ದ ಜಾಗದಲ್ಲೆಲ್ಲ ಎರಡನೆಯ ಎದೆಯೊಂದು ಬಡಿಯುತ್ತಿತ್ತು, ಬಹಳ ಸಲ ರೋಗಿಯದಕ್ಕಿಂತ ಜೋರಾಗಿ. ಅಷ್ಟು ವರ್ಷಗಳ ರಾತ್ರಿಗಳು ಅಲ್ಲಿದ್ದವು. ಅದಕ್ಕೂ ಹಿಂದಿನ ಕಾಲದ ನರ್ಸುಗಳ ಎದೆಬಡಿತ, ಹಾಸಿಗೆಗಳಿಗೆ ಕಿವಿಯೇ ಇಲ್ಲದಿದ್ದಾಗಿನದು, ಎಲ್ಲೂ ಸಿಗಲಿಲ್ಲ. ಅದನ್ನು ತಿಳಿಯಬೇಕಾದರೆ, ಆಗ ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿದ್ದು, ಅಂಚಿಗೆ ಯಾರೋ ಬಂದು ಕೂತದ್ದು ನೆನಪಿರುವವರನ್ನೇ ಕೇಳಬೇಕಿತ್ತು.