ಊದುಗೊಳವೆಯ ತಂತಿ

೧೯೪೮ರ ಜನವರಿ ಹನ್ನೆರಡು, ಸೋಮವಾರ ಬೆಳಿಗ್ಗೆ ಹೊಸೂರು ಠಾಣೆಗೆ ಬಂದ ಬಚ್ಚಪ್ಪನ ಮೈಯೆಲ್ಲ ಮಸಿಯಾಗಿತ್ತು. ಪಕ್ಕದ ಮನೆಯ ಮುತ್ತರಾಯಪ್ಪ ಜಾಗದ ಆಸೆಗೆ ತನ್ನ ಗುಡಿಸಲಿಗೆ ಬೆಂಕಿಯಿಟ್ಟ, ತಾಯಿ ದೊಡ್ಡಮುನಿಯಮ್ಮ ಒಳಗೇ ಸುಟ್ಟು ಸತ್ತಳು ಎಂಬುದು ಅವನ ದೂರು. ಸಬ್ ಇನ್ಸ್‌ಪೆಕ್ಟರ್ ಅಂಜನಪ್ಪನವರು ಎಫ್.ಐ.ಆರ್. ಬರೆಸಿ ಎದ್ದರು. ಜಾಗದ ಜಗಳ ಕೇಳಿ ಕೇಳಿ ಅವರಿಗೆ ಸಾಕುಸಾಕಾಗಿತ್ತು.

ಪಂಚನಾಮೆಯಲ್ಲಿ ಕಂಡದ್ದೇ ಬೇರೆ. ಬೆಂಕಿ ಹುಟ್ಟಿದ್ದು ಮುತ್ತರಾಯಪ್ಪನ ಬಚ್ಚಲಮನೆಯಲ್ಲಿ. ಅಲ್ಲಿಂದ ಗುಡಿಸಲಿನ ಹುಲ್ಲಿಗೆ ಹಾರಿತ್ತು. ಮಗಳ ಬಾಣಂತನಕ್ಕೆಂದು ಅವನು ಬೆಂಗಳೂರಿನಿಂದ ತಂದಿದ್ದ, ನಲ್ಲಿ ತಿರುಗಿಸಿದರೆ ಬಿಸಿನೀರು ಸುರಿಸುವ ಕರೆಂಟಿನ ಯಂತ್ರ ಕರಕಲಾಗಿತ್ತು.

ಕರೆಂಟಿನ ಕೆಲಸದ ಚಿನ್ನಸ್ವಾಮಿಯನ್ನು ಕರೆಸಿದರು.

"ನಾಕು ದೀಪಕ್ಕೆ ಎಳೆದ ವೈರು ಸ್ವಾಮಿ. ಈ ಮಿಶಿನ್ನು ತಡೆಯಾಕಿಲ್ಲ, ಬಿಚ್ಚಾಕ್ರಿ ಅಂದೆ. ದಿನಾ ಫ್ಯೂಸ್ ಹೋಗ್ತಿತ್ತು, ದಿನಾ ಬಂದು ಹಾಕ್ತಿದ್ದೆ."

"ಆಮೇಲೆ?"

"ಮೂರು ದಿನದಿಂದ ಯಾರೂ ಕರೀಲೇ ಇಲ್ಲ."

ಫ್ಯೂಸಿನ ಪೆಟ್ಟಿಗೆ ತೆರೆದರೆ, ಕೂದಲೆಳೆಯಂಥ ತಂತಿ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಫ್ಯೂಸ್ ಹೋಗದೆ ವೈರೇ ಕಾದು ಹೊತ್ತಿಕೊಂಡಿತ್ತು.

"ಯಾರಯ್ಯ ಹಾಕಿದ್ದು?"

"ಆ ಪೆಟ್ಟಿಗೆ ಕಂಡ್ರೆ ನಂಗೆ ಭಯ ಸ್ವಾಮಿ, ಮುಟ್ಟೋನೇ ಅಲ್ಲ," ಎಂದ ಮುತ್ತರಾಯಪ್ಪ.

"ಬಾಣಂತಿಗೆ ನೀರು ಹಾಕೋರು ಯಾರು?"

"ನಮ್ಮಕ್ಕ ನಾರಾಯಣಮ್ಮ. ಗಂಡ ಸತ್ಮೇಲೆ ಇಲ್ಲೇ ಅವ್ಳೆ."

ಅಂಜನಪ್ಪನವರು ಅಡುಗೆಮನೆಗೆ ಹೋದರು. ಒಲೆಯ ಪಕ್ಕ ಬಿದಿರಿನ ಊದುಗೊಳವೆ ಬಿದ್ದಿತ್ತು. ಸೀಳದಿರಲೆಂದು ಅದರ ಬಾಯಿಗೆ ತಾಮ್ರದ ತಂತಿ ಸುತ್ತುವುದು ಈ ಕಡೆಯ ರೂಢಿ. ಇದರ ಬಾಯಲ್ಲಿ ಉಳಿದಿದ್ದುದು ಹಸಿರು ಕಿಲುಬಿನ ಗುರುತು ಮಾತ್ರ.

"ಇದರ ತಂತಿ ಎಲ್ಲಿ ಹೋಯ್ತಮ್ಮ?"

ನಾರಾಯಣಮ್ಮ ನೀರು ಸೋರುವ ಕಣ್ಣೊರೆಸಿಕೊಂಡಳು. "ನೀರೊಲೆ ಇನ್ನು ಊದೋದಿಲ್ವಲ್ಲ ಅಂತ ಬಿಚ್ಚಿ ಆ ಪೆಟ್ಟಿಗೆಗೆ ಹಾಕ್ಬುಟ್ಟೆ ಸ್ವಾಮಿ. ಚಿನ್ನಸ್ವಾಮಿ ಹಾಕೋದ್ನ ನೋಡ್ಕಂಡಿದ್ದೆ. ಸಣ್ಣದು ಹರೀತದೆ, ದಪ್ಪದು ಗಟ್ಟಿ ಅಂದ್ಕಂಡೆ. ಮಿಶಿನ್ ಬಿಚ್ಚಿದ್ರೆ ನಂಗೆ ಮತ್ತೆ ನೀರೊಲೆ. ಐದು ಬಾಣಂತನಕ್ಕೆ ಹೊಗೇಲಿ ಊದಿದೀನಿ. ಒಂದು ಕಣ್ಣು ಆಗ್ಲೇ ಹೋಯ್ತು."

ಅಂಜನಪ್ಪನವರು ಅವಳಿಗೆ ಕೂರಲು ಹೇಳಿದರು. ಆದರೂ ಸತ್ತವಳು ಸತ್ತಿದ್ದಳು. ಅಜಾಗರೂಕತೆಯಿಂದ ಸಾವಿಗೆ ಕಾರಣಳಾದಳೆಂದು ಬರೆದು ದಸ್ತಗಿರಿ ಮಾಡಿದರು. ಬಾಗಿಲಲ್ಲಿ ಅವಳು ಬಚ್ಚಪ್ಪನ ಕಾಲಿಗೆ ಬಿದ್ದು ಗೋಳಾಡಿದಳು. ಅವನು ಬೈಯಲೂ ಇಲ್ಲ, ಎಬ್ಬಿಸಲೂ ಇಲ್ಲ.

ಠಾಣೆಯ ದಾರಿಯಲ್ಲಿ ಅವಳು ಕೇಳಿದಳು: "ಜೈಲಲ್ಲಿ ಬಿಸಿನೀರು ಕಾಯಿಸೋರು ಯಾರು ಸ್ವಾಮಿ?"

"ಅಲ್ಲಿ ಎಲ್ಲರಿಗೂ ತಣ್ಣೀರೇ ಕಣಮ್ಮ."

"ಸದ್ಯ," ಅಂದಳು ನಾರಾಯಣಮ್ಮ.