ಕ್ಯಾಸೆಟ್ಟಿನೊಳಗಿನ ಗುಂಯ್

ಮೂರನೇ ನಿಮಿಷಕ್ಕೆ ಹಾಡು ಮುಳುಗಿತು. ಅಲ್ಲಿಯವರೆಗೆ ಮೌತ್ ಆರ್ಗನ್ ಸ್ಪಷ್ಟವಾಗಿತ್ತು. ಆಮೇಲೆ ಎಲ್ಲ ಮಸುಕು— ಮೇಲೊಂದು ಗುಂಯ್ ಸದ್ದು.

"ಯಾರೋ ಬೇಕಂತಲೇ ಹಾಳು ಮಾಡಿದಾರೆ," ಎಂದಳು ಕ್ಯಾಸೆಟ್ ತಂದವಳು. "ಅಪ್ಪ ನುಡಿಸಿದ್ದು ಅಂತ ಉಳಿದಿರೋದು ಇದೊಂದೇ."

ಹಳೆಯ ರೆಕಾರ್ಡಿಂಗ್‌ಗಳನ್ನು ಶುದ್ಧ ಮಾಡಿಕೊಡುವುದು ಕಿವಿಯಣ್ಣನ ಕಸುಬು. ಅವನ ನಿಜವಾದ ಹೆಸರು ಹೆಂಡತಿಗೂ ಮರೆತಿರಬೇಕು. ಇಪ್ಪತ್ತಾರು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಕ್ಯಾಸೆಟ್ ತಂದವಳ ಮನೆಯಲ್ಲಿ ಮೂವರು ಗೆಳೆಯರು ಮನಸ್ಸಿಗೆ ಬಂದದ್ದನ್ನೆಲ್ಲ ನುಡಿಸಿದ್ದರು— ಅವಳಪ್ಪ, ಡ್ರಮ್ಮಿನವರು, ಗಿಟಾರಿನವರು. ತಿಂಗಳೊಳಗೆ ಅಪ್ಪ ತೀರಿಕೊಂಡರು. ಉಳಿದಿಬ್ಬರು ಈ ಕ್ಯಾಸೆಟ್ ಕೇಳಿದ ದಿನವೇ ಕಿತ್ತಾಡಿ ಮಾತು ಬಿಟ್ಟರು.

ಕಿವಿಯಣ್ಣ ಇಬ್ಬರನ್ನೂ ಕರೆಸಿದ. ಮಗಳ ಜೊತೆ ಅಮ್ಮನೂ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರಲ್ಲ ಈ ಗೆಳೆಯರು. ಒಬ್ಬರು ಇನ್ನೊಬ್ಬರ ಹೆಗಲು ತೋರಿಸುವವರು.

"ಸ್ಪೀಕರನ್ನ ರೆಕಾರ್ಡರ್ ಕಡೆ ತಿರುಗಿಸಿದ್ದು ಇವನೇ," ಎಂದರು ಡ್ರಮ್ಮಿನವರು.

"ಕಿವಿ ಹರಿಯೋ ಹಾಗೆ ಬಡೀತಿದ್ದದ್ದು ಯಾರಂತೆ?" ಎಂದರು ಗಿಟಾರಿನವರು.

"ರೆಕಾರ್ಡರ್ ಎಲ್ಲಿತ್ತು?" ಎಂದ ಕಿವಿಯಣ್ಣ.

"ಸ್ಟೂಲ್ ಮೇಲೆ. ಪಕ್ಕದಲ್ಲಿ ಅತ್ತಿಗೆ ಕೂತು ನೋಡ್ಕೊಳ್ತಿದ್ರು. ನಾವು ಕಣ್ಣು ಮುಚ್ಚಿ ನುಡಿಸೋರು," ಎಂದರು ಗಿಟಾರಿನವರು, ಅಮ್ಮನ ಕಡೆ ನೋಡಿ.

"ಈ ಗುಂಯ್ ಸದ್ದು?"

"ಫ್ಯಾನು," ಎಂದರು ಇಬ್ಬರೂ ಒಟ್ಟಿಗೆ. ಇಷ್ಟು ವರ್ಷದಲ್ಲಿ ಅವರು ಒಪ್ಪಿದ ಒಂದೇ ಮಾತು ಅದಿರಬೇಕು.

"ಅದನ್ನ ತೆಗೆದುಬಿಡಿ," ಎಂದಳು ಮಗಳು.

"ನಾನೂ ತೆಗೆಯೋಕೆ ಹೊರಟಿದ್ದೆ. ಆದ್ರೆ ಅದು ಸಾಲು ಮುಗಿದಾಗೆಲ್ಲ ನಿಲ್ಲುತ್ತೆ. ಉಸಿರು ಎಳ್ಕೊಂಡು ಮತ್ತೆ ಶುರುವಾಗುತ್ತೆ. ಫ್ಯಾನು ಉಸಿರಾಡುತ್ತಾ?"

ಕಿವಿಯಣ್ಣ ಟೇಪನ್ನು ಸ್ವಲ್ಪ ಹಿಂದಕ್ಕೆ ಓಡಿಸಿದ.

"ಇನ್ನೊಂದು— ಯಾರಾದ್ರೂ ಜೋರು ಮಾಡಿದ್ರೆ ಅವರ ವಾದ್ಯ ಮಾತ್ರ ಮೇಲೆ ಬರ್ತಿತ್ತು. ಇಲ್ಲಿ ಮೂರೂ ಒಂದೇ ಸಲ ಮಸುಕಾಗಿವೆ. ಅಂದ್ರೆ ರೆಕಾರ್ಡರನ್ನೇ ಎತ್ಕೊಂಡು, ಮೇಲೆ ಬಟ್ಟೆ ಮುಚ್ಚಿ, ಹತ್ತಿರದಿಂದ ಯಾರೋ ಗುನುಗಿದಾರೆ. ಅಮ್ಮಾ, ನೀವೇ ಅಲ್ವಾ?"

ಅಮ್ಮ ಸೆರಗಿನ ತುದಿ ಹಿಂಡುತ್ತಿದ್ದರು.

"ಮಡಿಲಲ್ಲಿಟ್ಟು ಶಾಲು ಮುಚ್ಚಿದ್ದೆ. ನಿಂಗೆ ಶ್ರುತಿನೇ ಇಲ್ಲ ಅಂತ ಅವರು ಯಾವಾಗ್ಲೂ ರೇಗಿಸೋರು. ಇದೆಯೋ ಇಲ್ವೋ ಕೇಳಿ ನೋಡೋಣ ಅಂತ ಗುನುಗಿದೆ. ಹಾಡು ಮುಗಿದ್ಮೇಲೆ ಅದನ್ನ ಸ್ಟೂಲ್ ಮೇಲಿಟ್ಟು ಒಳಗೆ ಹೋದೆ. ಅಷ್ಟರಲ್ಲಿ ಅವರೇ ಹೋಗ್ಬಿಟ್ರು. ಇವರಿಬ್ಬರೂ ಹಾವು ಮುಂಗುಸಿ ಆದ್ರು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಡ್ರಮ್ಮಿನವರು ಕನ್ನಡಕ ತೆಗೆದು ಒರೆಸಿದರು. ಗಿಟಾರಿನವರು ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು. "ಅಷ್ಟೇನೂ ಜೋರಾಗಿ ಬಡೀತಿರಲಿಲ್ಲ ಬಿಡೋ ನೀನು," ಎಂದರು. ಆ ಹಳೆಯ ಭಾನುವಾರಗಳೆಲ್ಲ ಇಬ್ಬರಿಗೂ ಒಟ್ಟಿಗೆ ನೆನಪಾಗಿರಬೇಕು.

"ಹಾಡು ಮುಗಿದ ಮೇಲೂ ಟೇಪು ಓಡ್ತಾ ಇದೆ," ಎಂದ ಕಿವಿಯಣ್ಣ. "ಎರಡು ನಿಮಿಷ ಬರೀ ಖಾಲಿ. ಅದರಾಚೆ ನೀವ್ಯಾರೂ ಕೇಳಿಲ್ಲ. ಕೊನೇವರೆಗೂ ಕೇಳೋದು ನನ್ನ ಕಸುಬು."

ಗುಂಡಿ ಒತ್ತಿದ. ಹೆಜ್ಜೆ ಸದ್ದು ಹತ್ತಿರ ಬಂತು. ಈಗ ಶಾಲು ಇರಲಿಲ್ಲ. ಅಪ್ಪನ ದನಿ ಕೋಣೆಯಲ್ಲೇ ಇದ್ದಷ್ಟು ಸ್ಪಷ್ಟವಾಗಿತ್ತು.

"ಶ್ರುತಿ ತಪ್ಪಿಲ್ಲ ಕಣೇ. ಎದುರಿಗೆ ಹೇಳಿದ್ರೆ ನಾಚ್ಕೊಂಡು ಹಾಡೋದೇ ಬಿಡ್ತೀಯ. ಅದಕ್ಕೇ ಇದರ ಹತ್ರ ಹೇಳ್ತಿದೀನಿ."

ಟೇಪು ನಿಂತಿತು.

ಅಮ್ಮ ಹಿಂಡಿದ್ದ ಸೆರಗನ್ನು ನೇರ ಮಾಡಿಕೊಂಡರು.

"ಇನ್ನೊಂದ್ಸಲ ಹಾಕಪ್ಪ, ಮೊದಲಿಂದ," ಎಂದರು. "ನಂದೂ ಇರಲಿ. ತೆಗೀಬೇಡ."